ಪೀಪಾಯಿ, ದನ, ಹೈದರಾಲಿ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪದ್ಯಗಳನ್ನು ಓದುವ ಬಗೆ

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಕವಿತೆ, ವಿಡಂಬನೆಗಳು ನಮಗೆ ಪಠ್ಯ. ಎಷ್ಟು ಓದಿದರೂ ಅರ್ಧ ಜೈಕಾರ, ಅರ್ಧ ಬೈಗುಳ ಅಂತಲೇ ಅನಿಸುತ್ತದೆ ಮೇಡಂ. ಇವನ್ನು ಸಾಹಿತ್ಯ ಅಂತ ಓದಬೇಕೋ, ಹಳೆಯ ಪ್ರಚಾರ ಸಾಮಗ್ರಿ ಅಂತ ಓದಬೇಕೋ? ಇನ್ನೊಂದು ವಿಷಯ. ಇವುಗಳಲ್ಲಿ ಒಂದು ಪದ್ಯದಲ್ಲಿ ನಮ್ಮ ಹೈದರಾಲಿಯ ಪ್ರಸ್ತಾಪ ಇದೆ ಅಂತ ಗೆಳತಿ ಹೇಳಿದಳು. ಅದು ನಿಜವೇ?

ಉತ್ತರ: ಮೊದಲು ಹೈದರಾಲಿಯ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಗೆಳತಿ ಹೇಳಿದ್ದು ನಿಜ.

1782ರಲ್ಲಿ ಬ್ರಿಟಿಷರ ಹಡಗುಗಳು ಡೆಲವೇರ್ ಕೊಲ್ಲಿಯಲ್ಲಿ ಅಡ್ಡಾಡಿಕೊಂಡು ಫಿಲಡೆಲ್ಫಿಯಾದ ವ್ಯಾಪಾರವನ್ನು ಹಾಳುಮಾಡುತ್ತಿದ್ದವು. ಅದಕ್ಕೆ ಪೆನ್ಸಿಲ್ವೇನಿಯಾದವರು ಒಂದು ಸರಕು ಹಡಗಿಗೆ 16 ತೋಪು ಕೂರಿಸಿ ಕಾವಲಿಗೆ ಇಳಿಸಿದರು. ಆ ಹಡಗಿನ ಹೆಸರು ‘ಹೈದರ್ ಅಲಿ’. ಮೈಸೂರಿನ ನಮ್ಮ ಹೈದರಾಲಿಯದೇ ಹೆಸರು. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಮೈಸೂರು ಸೇನೆ ಇಂಗ್ಲಿಷರ ಪಡೆಯನ್ನು ನುಚ್ಚುನೂರು ಮಾಡಿತ್ತಲ್ಲ, ಆ ಯುದ್ಧ ಇನ್ನೂ ನಡೆಯುತ್ತಿತ್ತು. ಫ್ರೆಂಚರು ಅಲ್ಲಿ ಅಮೆರಿಕನ್ನರ ಜೊತೆ, ಇಲ್ಲಿ ಹೈದರನ ಜೊತೆ ಇದ್ದರು. ಹಾಗಾಗಿ ಶ್ರೀರಂಗಪಟ್ಟಣದ ದೊರೆಯ ಹೆಸರು ಫಿಲಡೆಲ್ಫಿಯಾದ ಬಂದರಿನವರಿಗೆ ಹೊಸದೇನಾಗಿರಲಿಲ್ಲ.

ಹಡಗಿಗೆ ನಾವಿಕರು ಬೇಕಿತ್ತು. ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ ಬರೀ 22 ವರ್ಷ. ಅವನ ಪರವಾಗಿ ಫಿಲಿಪ್ ಫ್ರೆನೋ ಎಂಬ ಕವಿ ಒಂದು ಹಾಡು ಬರೆದ. ‘ಹೆದರಿಕೆ ಅಂದರೇನು ಅಂತ ಗೊತ್ತಿಲ್ಲದ ಹುಡುಗರೇ, ಬನ್ನಿ’ ಎಂದು ಕರೆಯುವ ಹಾಡು. ಅದರಲ್ಲೇ ಹಡಗಿನ ಹೆಸರಿನ ಮಾತು ಬರುತ್ತದೆ: ಇವಳು ಪೂರ್ವದ ಒಬ್ಬ ರಾಜನ ಹೆಸರು ಹೊತ್ತವಳು, ಅವನು ಸ್ವಾತಂತ್ರ್ಯದ ಪವಿತ್ರ ಜ್ವಾಲೆ ಮುಟ್ಟಿದವನು, ಕಬಳಿಸಲು ಬಂದ ಬ್ರಿಟನ್ನರ ಮಾನ ಕಳೆದವನು, ತನ್ನ ನಾಡಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡವನು. ಏಪ್ರಿಲ್ 8ರಂದು ಈ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಬಾರ್ನಿ ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದ, ‘ನಾನು ಕೂಗಿ ಹೇಳುವುದಕ್ಕೆ ಉಲ್ಟಾ ಮಾಡು’ ಅಂತ. ಕೂಗು ಕೇಳಿಸಿಕೊಂಡ ಶತ್ರು ಅದನ್ನು ನಂಬಿ ತನ್ನ ಹಡಗು ತಿರುಗಿಸಿದ. ಎರಡು ಹಡಗುಗಳ ಹಗ್ಗ, ಮರ ಸಿಕ್ಕಿಕೊಂಡವು. ಬಾರ್ನಿಯ ತೋಪುಗಳು ಒಂದೇ ಸಮನೆ ಗುಂಡು ಸುರಿಸಿದವು. ಗೆದ್ದ ಮೇಲೆ ಫ್ರೆನೋ ಇನ್ನೊಂದು ಹಾಡು ಕಟ್ಟಿದ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಹೈದರ್ ಅಲಿಯ ಹಾಡನ್ನು ತರಗತಿಯ ಬೆಂಚಿನ ಮೇಲೆ ಕೂತು ಓದಿದರೆ ಏನು ಸಿಗುತ್ತದೆ? ಜೈಕಾರ. ಹೈದರ್ ಒಬ್ಬ ದೊರೆ, ಗಣರಾಜ್ಯದ ಕನಸು ಕಂಡವನಲ್ಲ. ಫ್ರೆನೋಗೆ ಅಷ್ಟು ದೂರದ ಮೈಸೂರಿನ ರಾಜಕೀಯ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಅದನ್ನು ಬಂದರಿನ ಹೆಂಡದಂಗಡಿಯಲ್ಲಿ, ಸಂಬಳ ಸಿಗುತ್ತದೋ ಸಾವು ಬರುತ್ತದೋ ಅಂತ ಲೆಕ್ಕ ಹಾಕುತ್ತಾ ಕೂತ ಒಬ್ಬ ನಾವಿಕನ ಕಿವಿಯಿಂದ ಕೇಳಿ ನೋಡಿ. ‘ನಮ್ಮ ಹಾಗೆಯೇ ಇನ್ನೊಬ್ಬರೂ, ಭೂಮಿಯ ಆ ತುದಿಯಲ್ಲಿ, ಇದೇ ಬ್ರಿಟಿಷರನ್ನು ಹೊಡೆದಿದ್ದಾರೆ’ ಎಂಬ ಮಾತು ಅವನಿಗೆ ಧೈರ್ಯ ಕೊಡುವ ಸುದ್ದಿ. ಆ ಪದ್ಯಕ್ಕೆ ಮಾಡಬೇಕಾದ ಕೆಲಸ ಇತ್ತು, ಅದನ್ನು ಮಾಡಿತು. ಈ ಯುದ್ಧದ ಬಹುಪಾಲು ಪದ್ಯಗಳನ್ನು ನಾನು ಹೀಗೇ ಓದುತ್ತೇನೆ. ಇದು ಯಾವ ವಾರ ಬಂತು, ಯಾವ ಧಾಟಿಯಲ್ಲಿ ಹಾಡಿದರು, ಯಾರ ಕಿವಿಗೆ ಬೀಳಲಿ ಅಂತ ಬರೆದರು? ಇಷ್ಟು ತಿಳಿದರೆ ಸತ್ತ ಸಾಲುಗಳು ಎದ್ದು ಕೂರುತ್ತವೆ. ಹಲಗಲಿ ಬೇಡರ ಲಾವಣಿಯನ್ನು ಮೌನವಾಗಿ ಓದಿದರೆ ಹೇಗೆ ಅರ್ಧ ರುಚಿ ಕಳೆದುಕೊಳ್ಳುತ್ತದೋ, ಇವೂ ಹಾಗೆ.

ಧಾಟಿಯ ಮಾತು ಯಾಕೆ ಹೇಳುತ್ತೇನೆ ಅಂದರೆ, ಆಗ ಪದ್ಯ ಹರಡಿದ್ದೇ ಹಾಡಿನ ಮೂಲಕ. ಪತ್ರಿಕೆಯ ಮೂಲೆಯಲ್ಲಿ ಅಥವಾ ಒಂಟಿ ಹಾಳೆಯಲ್ಲಿ ಅಚ್ಚು ಮಾಡಿ ಮಾರುತ್ತಿದ್ದರು. ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಬರೆದರೆ ಸಾಕು. 1768ರಲ್ಲಿ ಜಾನ್ ಡಿಕಿನ್ಸನ್ ಬರೆದ ‘ಲಿಬರ್ಟಿ ಸಾಂಗ್’ ಬಂದದ್ದು ‘ಹಾರ್ಟ್ ಆಫ್ ಓಕ್’ ಧಾಟಿಯಲ್ಲಿ. ಅದು ಬ್ರಿಟಿಷ್ ನೌಕಾಪಡೆಯ ಹೆಮ್ಮೆಯ ಹಾಡು! ರಾಜನ ಹಾಡನ್ನೇ ಎತ್ತಿಕೊಂಡು ರಾಜನ ತೆರಿಗೆಯ ವಿರುದ್ಧ ಹಾಡಿದರು. ಕೆಲವೇ ತಿಂಗಳಲ್ಲಿ ರಾಜನ ಕಡೆಯವರು ಅದೇ ಧಾಟಿಯಲ್ಲಿ ಅಣಕ ಬರೆದರು. ಆ ಅಣಕಕ್ಕೆ ಈ ಕಡೆಯವರು ಮತ್ತೊಂದು ಅಣಕ ಬರೆದರು.

‘ಯಾಂಕಿ ಡೂಡಲ್’ ಕಥೆ ನಿಮಗೆ ಗೊತ್ತಿರುತ್ತದೆ. ಅಮೆರಿಕದ ಹಳ್ಳಿಯವರನ್ನು ಗಮಾರರು ಅಂತ ಆಡಿಕೊಳ್ಳಲು ಬ್ರಿಟಿಷ್ ಸಿಪಾಯಿಗಳು ಹಾಡುತ್ತಿದ್ದದ್ದು. 1775ರ ಏಪ್ರಿಲ್ 19ರಂದು, ಯುದ್ಧ ಶುರುವಾದ ದಿನ, ಲೆಕ್ಸಿಂಗ್ಟನ್, ಕಾಂಕರ್ಡ್ ಕಡೆ ಹೊರಟ ಪಡೆಗೆ ಬೆಂಬಲವಾಗಿ ಬಾಸ್ಟನ್‌ನಿಂದ ಹೋದವರು ಇದನ್ನೇ ಬಾರಿಸುತ್ತಾ ಹೋದರು. ಸಂಜೆ ಹೊಡೆತ ತಿಂದು ವಾಪಸ್ ಬಂದರು. ಅಲ್ಲಿಂದಾಚೆ ಹಾಡು ಕೈ ಬದಲಾಯಿಸಿತು. ಹಂಗಿಸಿದ ಮಾತನ್ನೇ ಬಾವುಟ ಮಾಡಿಕೊಂಡರು.

ನನ್ನ ಅಭಿಪ್ರಾಯ ಖಚಿತವಾಗಿಯೇ ಹೇಳುತ್ತೇನೆ. ಈ ಯುದ್ಧದ ಗಂಭೀರ ಸ್ತುತಿ ಪದ್ಯಗಳಿಗಿಂತ ವಿಡಂಬನೆಗಳೇ ಇವತ್ತಿಗೂ ಜೀವಂತ. ಸ್ತುತಿ ಪದ್ಯ ಬರೆಯುವಾಗ ಕವಿಗಳು ಲಂಡನ್ನಿನಿಂದ ತಂದ ಭಾರದ ಶೈಲಿ ಉಟ್ಟುಕೊಳ್ಳುತ್ತಿದ್ದರು. ದೇವತೆಗಳು, ಕಿರೀಟ, ಚಿನ್ನದ ಕೂದಲು, ಗ್ರೀಕ್ ಹೆಸರು. ವಿಡಂಬನೆಗೆ ಅದು ಒಗ್ಗುವುದಿಲ್ಲ. ನಗಿಸಬೇಕಾದರೆ ಎದುರಿಗಿರುವ ವಸ್ತುವನ್ನೇ ಹೆಸರಿಸಬೇಕು: ಪೀಪಾಯಿ, ಡಾಂಬರು, ದನ, ಊರಿನ ಪಂಚಾಯ್ತಿ. ಛಂದಸ್ಸು ಇಂಗ್ಲೆಂಡಿನದ್ದೇ ಆದರೂ ಅಮೆರಿಕದ ಮಣ್ಣು ಪದ್ಯದೊಳಗೆ ಬಂದದ್ದು ಈ ಬಾಗಿಲಿನಿಂದ.

ಫ್ರಾನ್ಸಿಸ್ ಹಾಪ್ಕಿನ್ಸನ್ ಬರೆದ ‘ದ ಬ್ಯಾಟಲ್ ಆಫ್ ದ ಕೆಗ್ಸ್’ ತೆಗೆದುಕೊಳ್ಳಿ. ಈತ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1777-78ರ ಚಳಿಗಾಲ. ಬ್ರಿಟಿಷ್ ಜನರಲ್ ಹೋವ್ ಫಿಲಡೆಲ್ಫಿಯಾದಲ್ಲಿ ಬೆಚ್ಚಗಿದ್ದಾನೆ. ಅಮೆರಿಕದ ಸೇನಾಪತಿ ವಾಷಿಂಗ್ಟನ್‌ನ ಸೈನಿಕರು ವ್ಯಾಲಿ ಫೋರ್ಜ್‌ನ ಶಿಬಿರದಲ್ಲಿ ಹಸಿವು, ರೋಗದಿಂದ ಸಾಯುತ್ತಿದ್ದಾರೆ. ಡೇವಿಡ್ ಬುಶ್ನೆಲ್ ಎಂಬಾತ ಮದ್ದು ತುಂಬಿದ ಪೀಪಾಯಿಗಳನ್ನು ಡೆಲವೇರ್ ನದಿಯಲ್ಲಿ ತೇಲಿಬಿಟ್ಟ. ಬ್ರಿಟಿಷ್ ಹಡಗಿಗೆ ತಗಲಿ ಸಿಡಿಯಲಿ ಅಂತ ಉಪಾಯ. ಹಡಗಿಗೆ ಏನೂ ಆಗಲಿಲ್ಲ. ಆದರೆ 1778ರ ಜನವರಿ 5ರಂದು ಗಾಬರಿಯಾದ ಬ್ರಿಟಿಷರು ನದಿಯಲ್ಲಿ ತೇಲಿಬಂದದ್ದಕ್ಕೆಲ್ಲ ಗುಂಡು ಹಾರಿಸಿದರು.

ಪದ್ಯ ಬೆಳಗಿನ ಜಾವಕ್ಕೆ ಶುರುವಾಗುತ್ತದೆ. ಮರದ ದಿಮ್ಮಿಯ ಮೇಲೆ ನಿಂತ ಒಬ್ಬ ಸಿಪಾಯಿ ನದಿಯಲ್ಲಿ ಏನೋ ವಿಚಿತ್ರ ಕಾಣುತ್ತಾನೆ. ನೀಲಿ ಅಂಗಿಯ ನಾವಿಕನೊಬ್ಬ ಬರುತ್ತಾನೆ, ಅವನಿಗೆ ಎಲ್ಲ ಅರ್ಥವಾಗಿಬಿಡುತ್ತದೆ: ಈ ಪೀಪಾಯಿಗಳೊಳಗೆ ಬಂಡುಕೋರರು ಉಪ್ಪು ಹಾಕಿದ ಮೀನಿನ ಹಾಗೆ ತುಂಬಿಕೊಂಡು ಊರಿಗೆ ದಾಳಿ ಮಾಡಲು ಬರುತ್ತಿದ್ದಾರೆ! ಊರೆಲ್ಲ ಗದ್ದಲ. ಜನರಲ್ ಹೋವ್ ಮಾತ್ರ ಇನ್ನೊಬ್ಬನ ಹೆಂಡತಿಯ ಜೊತೆ ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದಾನೆ. ಆ ಹೆಂಗಸಿನ ಹೆಸರನ್ನೂ ಹಾಪ್ಕಿನ್ಸನ್ ಪ್ರಾಸಕ್ಕೆ ಕೂರಿಸಿದ್ದಾನೆ. ತೋಪು, ಬಂದೂಕು ಎಲ್ಲ ಗುಡುಗುತ್ತವೆ. ಬಂಡುಕೋರರ ಮರದ ಹಲಗೆ, ಬಂಡುಕೋರರ ಕಬ್ಬಿಣದ ಪಟ್ಟಿಯಿಂದ ಗಟ್ಟಿಯಾಗಿ ಮಾಡಿದ್ದರೂ ಪಾಪ ಆ ಪೀಪಾಯಿಗಳಿಗೆ ವಿಜಯಿ ಬ್ರಿಟಿಷ್ ಸೇನೆಯ ಎದುರು ನಿಲ್ಲಲಾಗಲಿಲ್ಲವಂತೆ.

ಇದನ್ನು ಜೋರಾಗಿ ಓದಿ. ಸಾಲಿನ ನಡುವೆಯೂ ಪ್ರಾಸ ಬರುತ್ತದೆ, ಕಾಲು ತಾಳ ಹಾಕಲು ಶುರುಮಾಡುತ್ತದೆ. ಯುದ್ಧದ ಒಂದು ಕೆಟ್ಟ ಚಳಿಗಾಲದಲ್ಲಿ, ಹೊಟ್ಟೆಗಿಲ್ಲದ ಜನರ ನಡುವೆ ಈ ಹಾಡು ಹುಟ್ಟಿತು ಅನ್ನುವುದನ್ನು ಮರೆಯದೆ ಓದಿ. ಉಪಾಯ ಸೋತಿತ್ತು. ಸೋತ ಉಪಾಯದಿಂದಲೇ ಹಾಪ್ಕಿನ್ಸನ್ ಒಂದು ಗೆಲುವು ಕಿತ್ತುಕೊಂಡ. ಇದು ಪ್ರಚಾರವೇ? ಹೌದು. ಕಲೆಯೇ? ಅದೂ ಹೌದು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಅನ್ನುವ ಹಟ ನಮ್ಮ ತರಗತಿಗಳದ್ದು, ಆ ಕಾಲದವರಿಗೆ ಅದು ಇರಲಿಲ್ಲ.

ಜಾನ್ ಟ್ರಂಬುಲ್‌ನ ‘ಮ್ಯಾಕ್‌ಫಿಂಗಲ್’ ಇನ್ನೂ ದೊಡ್ಡ ಕೆಲಸ. ಮೊದಲ ಭಾಗ ಯುದ್ಧ ಶುರುವಾದ ಹೊಸದರಲ್ಲೇ ಬಂತು. ನಾಲ್ಕು ಸರ್ಗಗಳ ಪೂರ್ತಿ ಪದ್ಯ ಬಂದದ್ದು 1782ರಲ್ಲಿ. ಟ್ರಂಬುಲ್ ಬಾಸ್ಟನ್‌ನಲ್ಲಿ ಜಾನ್ ಆಡಮ್ಸ್ ಕಚೇರಿಯಲ್ಲಿ ವಕೀಲಿ ಕಲಿತವನು. ಕಥಾನಾಯಕ ಮ್ಯಾಕ್‌ಫಿಂಗಲ್ ರಾಜನ ಕಡೆಯ ಒಬ್ಬ ಊರ ಗಣ್ಯ. ಊರ ಸಭೆಯಲ್ಲಿ ಎದ್ದು ನಿಂತು ರಾಜನ ಪರ ವಾದಿಸುತ್ತಾನೆ. ಅವನ ಪ್ರತಿಯೊಂದು ವಾದವೂ ಅವನಿಗೇ ತಿರುಗಿ ಬಡಿಯುತ್ತದೆ. ಬಾತುಕೋಳಿಗೆ ಗುರಿಯಿಟ್ಟರೂ ಗುರಿ ತಪ್ಪಿ, ಹಿಂದಕ್ಕೆ ಒದ್ದು, ಹಿಡಿದವನನ್ನೇ ಕೆಡವುವ ಹಳೆಯ ಬಂದೂಕಿನ ಹಾಗೆ ಅವನ ತರ್ಕ ಅಂತ ಟ್ರಂಬುಲ್ ಬರೆಯುತ್ತಾನೆ. ಬೇಟೆಗೆ ಹೋಗುವ ಯಾವ ರೈತನಿಗೆ ಇದು ಅರ್ಥವಾಗುವುದಿಲ್ಲ ಹೇಳಿ?

ಮೂರನೇ ಸರ್ಗದಲ್ಲಿ ಜನ ಅವನನ್ನು ಹಿಡಿದು ಮೈಗೆ ಬಿಸಿ ಡಾಂಬರು ಸುರಿದು, ಮೇಲೆ ಪುಕ್ಕ ಅಂಟಿಸಿ, ಗಾಡಿಯಲ್ಲಿ ಮೆರವಣಿಗೆ ಮಾಡುತ್ತಾರೆ. ಮಿಲ್ಟನ್‌ನ ಆರು ರೆಕ್ಕೆಯ ದೇವದೂತನಿಗೂ ಇಷ್ಟು ಪುಕ್ಕ ಇರಲಿಲ್ಲ ಎನ್ನುತ್ತಾನೆ ಕವಿ. ಇಲ್ಲಿ ಸ್ವಲ್ಪ ನಿಧಾನಿಸಿ. ಟ್ರಂಬುಲ್ ಸ್ವಾತಂತ್ರ್ಯದ ಪಕ್ಷದವನೇ. ಆದರೂ ಈ ದೃಶ್ಯದಲ್ಲಿ ನಗು ಬರೀ ಮ್ಯಾಕ್‌ಫಿಂಗಲ್ ಮೇಲೆ ಬೀಳುವುದಿಲ್ಲ. ಬಂಡಾಯದ ಗುರುತಾಗಿ ನೆಟ್ಟ ‘ಸ್ವಾತಂತ್ರ್ಯದ ಕಂಬ’ದ ಸುತ್ತ ಕುಣಿಯುವ ಗುಂಪಿನ ಮೇಲೂ ಬೀಳುತ್ತದೆ. ಒಬ್ಬನನ್ನು ಹಿಡಿದು ಹಿಂಸಿಸುವ ಜನಜಂಗುಳಿ ಕಂಡು ಈ ವಕೀಲನಿಗೆ ಒಳಗೆಲ್ಲೋ ದಿಗಿಲಾಗಿದೆ. ತನ್ನ ಪಕ್ಷವನ್ನೂ ಬಿಡದ ಈ ಕಣ್ಣು ಇರುವುದರಿಂದಲೇ ನಾನು ‘ಮ್ಯಾಕ್‌ಫಿಂಗಲ್’ ಅನ್ನು ಬರೀ ಬೈಗುಳ ಅನ್ನಲಾರೆ. ಪರೀಕ್ಷೆಯಲ್ಲಿ ಈ ಪದ್ಯದ ಮೇಲೆ ಪ್ರಶ್ನೆ ಬಂದರೆ ಇಲ್ಲಿಂದಲೇ ಶುರುಮಾಡಿ.

ಪಠ್ಯಪುಸ್ತಕಗಳು ಇನ್ನೊಂದು ತಪ್ಪು ಮಾಡುತ್ತವೆ. ಗೆದ್ದವರ ಪದ್ಯಗಳನ್ನು ಮಾತ್ರ ಕೊಡುತ್ತವೆ. ರಾಜನ ಕಡೆಯೂ ಒಳ್ಳೆಯ ಕವಿಗಳಿದ್ದರು. ನ್ಯೂಜೆರ್ಸಿಯ ಪಾದ್ರಿ ಜೊನಾಥನ್ ಓಡೆಲ್ ಮನೆ, ಚರ್ಚು ಬಿಟ್ಟು ನ್ಯೂಯಾರ್ಕಿಗೆ ಓಡಬೇಕಾಯಿತು. ಅಲ್ಲಿಂದ ಬರೆದ ಪದ್ಯಗಳಲ್ಲಿ ವಿಷ ತುಂಬಿದೆ, ಕಸುಬುದಾರಿಕೆಯೂ ಇದೆ. ಸೋತ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಹೋಗಿ ನೆಲೆಸಿದ. ಬ್ರಿಟಿಷ್ ಜನರಲ್ ಬರ್ಗಾಯ್ನ್ ಯುದ್ಧಕ್ಕೆ ಬರುವ ಮೊದಲೇ ನಾಟಕಕಾರ. ಬಾಸ್ಟನ್ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಬ್ರಿಟಿಷರಿಗೆ ಬೇಸರ ಕಳೆಯಲು ಅವನು ಬರೆದ ಪ್ರಹಸನವನ್ನು 1776ರ ಜನವರಿ 8ರಂದು ಫ್ಯಾನ್ಯುಲ್ ಹಾಲ್‌ನಲ್ಲಿ ಆಡಿಸಿದರು. ವಾಷಿಂಗ್ಟನ್‌ನನ್ನು ಗೇಲಿ ಮಾಡುವ ನಾಟಕ. ಅದೇ ರಾತ್ರಿ ಅಮೆರಿಕನ್ನರು ಪಕ್ಕದ ಚಾರ್ಲ್ಸ್‌ಟೌನ್ ಮೇಲೆ ದಾಳಿ ಮಾಡಿದರು. ಒಬ್ಬ ಸಾರ್ಜೆಂಟ್ ರಂಗಕ್ಕೆ ನುಗ್ಗಿ ‘ಬಂಡುಕೋರರು ಬಂದರು’ ಎಂದು ಕೂಗಿದ. ಪ್ರೇಕ್ಷಕರು ಇದೂ ನಾಟಕದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಇದಕ್ಕಿಂತ ಮನಸ್ಸು ಕಲಕುವುದು ಮೇಜರ್ ಜಾನ್ ಆಂಡ್ರೆಯ ಕಥೆ. 1780ರ ಜುಲೈನಲ್ಲಿ ಅಮೆರಿಕದ ಜನರಲ್ ಆಂಟನಿ ವೇಯ್ನ್ ಬುಲ್ಸ್ ಫೆರಿ ಎಂಬಲ್ಲಿ ಒಂದು ಸಣ್ಣ ಕೋಟೆಗೆ ದಾಳಿ ಮಾಡಿ ಸೋತ. ಒಂದಷ್ಟು ದನ ಹೊಡೆದುಕೊಂಡು ಹೋದ. ಬ್ರಿಟಿಷ್ ಅಧಿಕಾರಿ ಆಂಡ್ರೆ ಅದರ ಮೇಲೆ ‘ದ ಕೌ ಚೇಸ್’ ಎಂಬ ಅಣಕ ಲಾವಣಿ ಬರೆದ. ಹಳೆಯ ವೀರಗೀತೆಯ ಧಾಟಿಯಲ್ಲಿ ದನಗಾಹಿ ಸೇನಾಪತಿಯ ಪರಾಕ್ರಮ. ರಾಜನ ಪರವಾಗಿದ್ದ ನ್ಯೂಯಾರ್ಕಿನ ಪತ್ರಿಕೆ ‘ರಾಯಲ್ ಗೆಜೆಟ್’ನಲ್ಲಿ ಮೂರು ಕಂತಾಗಿ ಬಂತು. ಕೊನೆಯ ಪದ್ಯದ ಭಾವ ಇಷ್ಟು: ನನ್ನ ಮಹಾಕಾವ್ಯ ಮುಗಿಯಿತು, ತೋರಿಸಲು ನಡುಗುತ್ತಿದ್ದೇನೆ, ಈ ದನ ಕಾಯುವ ವೀರ ವೇಯ್ನ್ ಎಲ್ಲಾದರೂ ಕವಿಯನ್ನೇ ಹಿಡಿದುಬಿಟ್ಟರೆ! ಆ ಕೊನೆಯ ಕಂತು ಅಚ್ಚಾದದ್ದು ಸೆಪ್ಟೆಂಬರ್ 23ರಂದು. ಬ್ರಿಟಿಷರ ಕಡೆ ಸೇರಲು ಹೊರಟಿದ್ದ ಅಮೆರಿಕದ ಜನರಲ್ ಬೆನೆಡಿಕ್ಟ್ ಆರ್ನಲ್ಡ್‌ನ ದ್ರೋಹದ ಕಾಗದಗಳನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದ ಆಂಡ್ರೆ ಅಮೆರಿಕನ್ನರ ಕೈಗೆ ಸಿಕ್ಕಿಬಿದ್ದದ್ದೂ ಅದೇ ದಿನ. ಅಕ್ಟೋಬರ್ 2ರಂದು ಅವನನ್ನು ಗಲ್ಲಿಗೇರಿಸಿದರು. ಆ ಸಾಲುಗಳನ್ನು ನಗುತ್ತಾ ಬರೆದಿದ್ದ. ತಾರೀಖು ಗೊತ್ತಾದ ಮೇಲೆ ನಾವು ನಗಲಾರೆವು. ಪದ್ಯದ ಒಂದು ಅಕ್ಷರವೂ ಬದಲಾಗಿಲ್ಲ, ಅಲ್ವಾ?

ಇನ್ನು ಫ್ರೆನೋ. ಅವನನ್ನು ‘ಕ್ರಾಂತಿಯ ಕವಿ’ ಅಂತ ಕರೆಯುತ್ತಾರೆ. ಪ್ರಿನ್ಸ್‌ಟನ್‌ನಲ್ಲಿ ಜೇಮ್ಸ್ ಮ್ಯಾಡಿಸನ್‌ನ ಸಹಪಾಠಿ. ಅವನ ಬೈಗುಳ ನಿಮಗೆ ಜಾಸ್ತಿ ಅನಿಸಿದ್ದರೆ ಆಶ್ಚರ್ಯವಿಲ್ಲ, ಅವನು ಸಿಕ್ಕಾಪಟ್ಟೆ ಬೈಯುತ್ತಾನೆ. ಆದರೆ ಯಾವಾಗಲೂ ಹೀಗಿರಲಿಲ್ಲ. 1776ರಿಂದ 1778ರವರೆಗೆ ವೆಸ್ಟ್ ಇಂಡೀಸ್‌ನ ದ್ವೀಪಗಳಲ್ಲಿ ಪ್ರಕೃತಿಯ ಪದ್ಯ ಬರೆದುಕೊಂಡಿದ್ದವನು. 1780ರ ಮೇನಲ್ಲಿ ಅವನಿದ್ದ ಹಡಗನ್ನು ಬ್ರಿಟಿಷರು ಹಿಡಿದರು. ನ್ಯೂಯಾರ್ಕ್ ಬಂದರಿನ ‘ಸ್ಕಾರ್ಪಿಯನ್’ ಎಂಬ ಸೆರೆಮನೆ ಹಡಗಿಗೆ ಅವನನ್ನು ತಳ್ಳಿದರು. ಜ್ವರ ಬಂದ ಮೇಲೆ ‘ಹಂಟರ್’ ಎಂಬ ಆಸ್ಪತ್ರೆ ಹಡಗಿಗೆ. ಜುಲೈನಲ್ಲಿ ಬಿಡುಗಡೆಯಾಗಿ ಎಲುಬಿನ ಗೂಡಾಗಿ ಮನೆಗೆ ಹೋದ. ಆ ಹಡಗುಗಳಲ್ಲಿ ಇಡೀ ಯುದ್ಧದಲ್ಲಿ ಸತ್ತವರು 11,000ಕ್ಕೂ ಹೆಚ್ಚು ಎಂಬ ಅಂದಾಜಿದೆ. ರಣರಂಗದಲ್ಲಿ ಗುಂಡಿಗೆ ಬಲಿಯಾದ ಅಮೆರಿಕನ್ನರಿಗಿಂತ ಇದು ಜಾಸ್ತಿ.

1781ರಲ್ಲಿ ಬಂದ ‘ದ ಬ್ರಿಟಿಷ್ ಪ್ರಿಸನ್ ಶಿಪ್’ ಈ ಅನುಭವದ ಪದ್ಯ. ಅದರಲ್ಲಿ ಒಬ್ಬ ಹೆಸ್ಸಿಯನ್ ವೈದ್ಯ ಬರುತ್ತಾನೆ. ಬ್ರಿಟಿಷರು ಬಾಡಿಗೆಗೆ ತಂದ ಜರ್ಮನ್ ಪಡೆಯವನು. ವಿದ್ಯೆಗೂ ಅವನಿಗೂ ಸಂಬಂಧವಿಲ್ಲ. ಪೀಪಾಯಿಗಟ್ಟಲೆ ಆಂಟಿಮನಿ ಔಷಧಿ ಕುಡಿಸುತ್ತಾನೆ, ರೋಗಿಗಳು ಸಾಯುತ್ತಾರೆ. ವೈದ್ಯನನ್ನು ಲೇವಡಿ ಮಾಡುವುದು ವಿಡಂಬನೆಯ ಬಹಳ ಹಳೆಯ ಚಾಳಿ. ಇಲ್ಲಿ ಮಾತ್ರ ನಗು ಗಂಟಲಲ್ಲೇ ನಿಲ್ಲುತ್ತದೆ, ಯಾಕೆಂದರೆ ಬರೆದವನು ಆ ಹಾಸಿಗೆಯಲ್ಲಿ ಮಲಗಿ ಎದ್ದು ಬಂದವನು. ಇದಾದ ಮೇಲೆ ಫ್ರೆನೋ ‘ಫ್ರೀಮನ್ಸ್ ಜರ್ನಲ್’ ಪತ್ರಿಕೆಯಲ್ಲಿ ರಾಜನನ್ನೂ, ಸೇನಾಪತಿಗಳನ್ನೂ, ‘ರಾಯಲ್ ಗೆಜೆಟ್’ನ ಮುದ್ರಕ ರಿವಿಂಗ್ಟನ್‌ನನ್ನೂ ಬಿಡದೆ ಕುಟ್ಟಿದ. ಹೈದರ್ ಅಲಿಯ ಹಾಡೂ ಇದೇ ಕಾಲದ್ದು. ಅವನ ಸಿಟ್ಟು ಎಲ್ಲಿಂದ ಬಂತು ಎಂದು ತಿಳಿದ ಮೇಲೆ ಅವನ ಬೈಗುಳವನ್ನು ಸುಮ್ನೆ ಬೈಗುಳ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದೇ ಫ್ರೆನೋ ಯೂಟಾ ಸ್ಪ್ರಿಂಗ್ಸ್ ಕದನದಲ್ಲಿ ಸತ್ತವರಿಗೆ 1781ರಲ್ಲಿ ಬರೆದ ಚಿಕ್ಕ ಶೋಕಗೀತೆಯನ್ನೂ ಓದಿ. ಅಲ್ಲಿ ದನಿ ತಗ್ಗಿಸಿದ್ದಾನೆ. ಎಂಟೇ ಚರಣ, ಒಂದೂ ಹೆಚ್ಚಲ್ಲ.

ಮರ್ಸಿ ಓಟಿಸ್ ವಾರನ್ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು, ಇಲ್ಲಿ ಜಾಗ ಸಾಲದು. ಮ್ಯಾಸಚೂಸೆಟ್ಸ್‌ನ ಗವರ್ನರ್ ಹಚಿನ್ಸನ್‌ನನ್ನು ರಪೇಷಿಯೋ ಎಂಬ ದುಷ್ಟನನ್ನಾಗಿ ಮಾಡಿ 1772ರಲ್ಲೇ, ತನ್ನ ಹೆಸರು ಹಾಕದೆ, ವಿಡಂಬನ ನಾಟಕ ಅಚ್ಚು ಮಾಡಿಸಿದ ದಿಟ್ಟೆ ಆಕೆ.

ಒಬ್ಬರನ್ನು ಮಾತ್ರ ಬಿಡುವ ಹಾಗಿಲ್ಲ. ಫಿಲಿಸ್ ವೀಟ್ಲಿ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದು 1761ರಲ್ಲಿ ಬಾಸ್ಟನ್‌ನಲ್ಲಿ ಮಾರಿದಾಗ ಅವಳಿಗೆ ಏಳೆಂಟು ವರ್ಷ. 1773ರಲ್ಲಿ ಲಂಡನ್ನಿನಲ್ಲಿ ಅವಳ ಕವನ ಸಂಕಲನ ಬಂತು. 1775ರ ಅಕ್ಟೋಬರ್‌ನಲ್ಲಿ ಅವಳು ವಾಷಿಂಗ್ಟನ್‌ಗೆ ಒಂದು ಸ್ತುತಿ ಪದ್ಯ ಕಳಿಸಿದಳು. ಅವನು 1776ರ ಫೆಬ್ರವರಿಯಲ್ಲಿ ಮರ್ಯಾದೆಯಿಂದ ಉತ್ತರ ಬರೆದ. ಆ ಪದ್ಯದಲ್ಲಿ ನಾನು ಮೇಲೆ ದೂರಿದ ದೇವತೆ, ಚಿನ್ನದ ಕೂದಲು ಎಲ್ಲ ಇವೆ. ಆದರೆ ಬರೆದವಳು ಕೆಲವೇ ವರ್ಷಗಳ ಹಿಂದೆ ಗುಲಾಮಳಾಗಿದ್ದವಳು, ಓದಿದವನು ನೂರಕ್ಕೂ ಹೆಚ್ಚು ಗುಲಾಮರ ಯಜಮಾನ. ಸ್ವಾತಂತ್ರ್ಯ ಎಂಬ ಮಾತನ್ನು ಅವಳು ಅವನಿಗೆ ಹೇಳುತ್ತಿದ್ದಾಳೆ. ಹೀಗೆ ನೋಡಿದಾಗ ಆ ಸ್ತುತಿಯೂ ಬೇರೆಯೇ ಆಗಿ ಕೇಳಿಸುತ್ತದೆ.

ಅವಳ ನಿಜವಾದ ಗಟ್ಟಿ ಪದ್ಯ ಇದಲ್ಲ. 1772ರಲ್ಲಿ ವಸಾಹತುಗಳ ಮಂತ್ರಿಯಾಗಿದ್ದ ಡಾರ್ಟ್‌ಮತ್ ಪ್ರಭುವಿಗೆ ಬರೆದದ್ದು. ಅದರಲ್ಲಿ ಅವಳು ನೇರವಾಗಿ ಹೇಳುತ್ತಾಳೆ: ಸ್ವಾತಂತ್ರ್ಯದ ಮೇಲೆ ನನಗೆ ಇಷ್ಟು ಪ್ರೀತಿ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನನ್ನನ್ನು ಆಫ್ರಿಕಾದಿಂದ ಕಿತ್ತು ತಂದರು. ನನ್ನ ತಂದೆಯ ಎದೆಯಲ್ಲಿ ಎಂಥ ಸಂಕಟ ಎದ್ದಿರಬೇಕು. ಅದನ್ನು ಬಲ್ಲವಳು, ಬೇರೆ ಯಾರಿಗೂ ಆ ದಬ್ಬಾಳಿಕೆ ತಟ್ಟದಿರಲಿ ಎಂದಲ್ಲದೆ ಇನ್ನೇನು ಬೇಡಲಿ? ಅಮೆರಿಕದ ಬಿಳಿಯರು ತಾವು ಬ್ರಿಟನ್ನಿನ ‘ಗುಲಾಮರು’ ಎಂದು ಹಾಡು ಕಟ್ಟುತ್ತಿದ್ದ ಕಾಲ ಅದು. ಆ ಮಾತಿನ ನಿಜವಾದ ಅರ್ಥ ಮೈಯಿಂದ ಬಲ್ಲವಳು ಅವರ ನಡುವೆಯೇ ಕೂತು ಬರೆಯುತ್ತಿದ್ದಳು. 1784ರ ಡಿಸೆಂಬರ್‌ನಲ್ಲಿ ಬಡತನದಲ್ಲಿ ತೀರಿಕೊಂಡಳು, ಇನ್ನೂ ಮೂವತ್ತರ ಆಸುಪಾಸು. ಫ್ರೆನೋ ಕೂಡ ಯುದ್ಧ ಮುಗಿದ ಮೇಲೆ ಜಮೈಕಾದ ಕಬ್ಬಿನ ತೋಟದ ಯಜಮಾನನ ಮೇಲೆ ‘ಟು ಸರ್ ಟೋಬಿ’ ಎಂಬ ಪದ್ಯ ಬರೆದ. ಬ್ರಿಟಿಷರಿಗೆ ಮಸೆದಿದ್ದ ಕತ್ತಿಯನ್ನು ಗುಲಾಮಗಿರಿಯ ಕಡೆ ತಿರುಗಿಸಿದ. ವೀಟ್ಲಿಯ ಡಾರ್ಟ್‌ಮತ್ ಪದ್ಯದ ಪಕ್ಕದಲ್ಲಿಟ್ಟು ಇದನ್ನು ಓದಿ. ನಿಮ್ಮ ಸೆಮಿನಾರಿಗೆ ಇವೆರಡೇ ಸಾಕಷ್ಟು ವಿಷಯ ಕೊಡುತ್ತವೆ.

ಓದುವ ಕ್ರಮ ಕೇಳಿದರೆ, ಮೊದಲು ಪೀಪಾಯಿ ಪದ್ಯ, ಆಮೇಲೆ ‘ಮ್ಯಾಕ್‌ಫಿಂಗಲ್’ನ ಮೂರನೇ ಸರ್ಗ, ಅದರ ಬೆನ್ನಿಗೇ ಆಂಡ್ರೆಯ ದನದ ಲಾವಣಿ. ಎರಡು ಕಡೆಯ ನಗುವನ್ನೂ ಒಂದೇ ಸಂಜೆ ಕೇಳಿದ ಹಾಗಾಗುತ್ತದೆ. ಫ್ರೆನೋನ ಸೆರೆಮನೆ ಹಡಗಿಗೆ ಬೇರೆ ದಿನ ಇಟ್ಟುಕೊಳ್ಳಿ. ಹೆಚ್ಚಿನವು ಕಾಪಿರೈಟ್ ಇಲ್ಲದ ಹಳೆಯ ಪುಸ್ತಕಗಳಾದ್ದರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಸಿಕ್ಕಿದ ಕೂಡಲೇ ಟಿಪ್ಪಣಿ ನೋಡಬೇಡಿ. ಮೊದಲು ಒಬ್ಬರಿಗೊಬ್ಬರು ಜೋರಾಗಿ ಓದಿ ಹೇಳಿ, ತಾರೀಖು ನೋಡಿ, ಟಿಪ್ಪಣಿ ಆಮೇಲೆ.